ಯಾವ ಬ್ಲಾಕು, ಎಂಥ ಚೈನು

ಹಾನುಬಾಳಿನ ಬಸ್ಸು ಹಿಡಿಯಲು ಅಜ್ಜಿ ಮದುವೆಯಾಗಿ ಬಂದಾಗಿನಿಂದ ತುಳಿದ ಕಾಲುದಾರಿ ಪಕ್ಕದ ಕಾಫಿತೋಟದೊಳಗೆ ಹಾಯುತ್ತದೆ. ತೋಟ ಅಪ್ಪನ ದಾಯಾದಿ ಅಣ್ಣನದು, ನನಗೆ ದೊಡ್ಡಪ್ಪ. ಕಳೆದ ಬೇಸಿಗೆ ಅವರು ಅಲ್ಲಿ ಗೇಟು ನಿಲ್ಲಿಸಿ ಬೀಗ ಜಡಿದರು. "ಇಲ್ಲಿ ದಾರಿನೇ ಇರ್ಲಿಲ್ಲ ಕಣವ್ವ" ಎಂದರು. ಸುತ್ತುದಾರಿ ಪೂರ್ತಿ ಏರು. ಅಜ್ಜಿಯ ಮಂಡಿ ಒಪ್ಪದು.

ಇರಲಿಲ್ಲವಂತೆ! ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತದ್ದು, ಹೇಳಿದವರೇ ಸಾಬೀತು ಮಾಡಬೇಕು ಅಂತ. ಇಲ್ಲಿ ಆ ಹೊರೆ ನಮ್ಮ ತಲೆಗೇ ಬಂತು. ಅಜ್ಜಿ ಆ ದಾರಿಯಲ್ಲಿ ನಡೆಯುವ ವಿಡಿಯೊ ಇದ್ದ ನನ್ನ ಫೋನು ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ನೀರುತೊಟ್ಟಿಗೆ ಬಿದ್ದು ಸತ್ತಿತ್ತು. ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದರಲ್ಲಿ ಉಳಿದದ್ದು ಒತ್ತಿದರೂ ತೆರೆಯದ ಮಸುಕು ಚಿತ್ರ.

ಆದರೆ ಬ್ಲಾಕ್‌ಚೈನ್ ಎಂಬ ಅಂತರಜಾಲದ ಕಡತಸಂಗ್ರಹವನ್ನು ಚರ್ಚೆಯೊಂದರಲ್ಲಿ ಗೇಲಿ ಮಾಡಲೆಂದೇ ಹಿಂದೊಮ್ಮೆ ಪರೀಕ್ಷಿಸುವಾಗ ಅದೇ ವಿಡಿಯೊ ಹಾಕಿದ್ದೆ. ಹುಡುಕಿದೆ. ಬಂತು.

ಅಜ್ಜಿಯನ್ನು ಕರೆದುಕೊಂಡು ಹೋದೆ. ದೊಡ್ಡಪ್ಪ ಕಣದಲ್ಲಿ ಕಾಫಿ ಹರಡಿಸುತ್ತಿದ್ದರು.

"ದಾರಿದು ವಿಡಿಯೊ ಬ್ಲಾಕ್‌ಚೈನ್‌ನಲ್ಲಿ ಐತೆ" ಎಂದೆ.

"ಯಾವ ಬ್ಲಾಕು? ಅದು ನನ್ ತೋಟದ ಮೂರನೇ ಬ್ಲಾಕು. ಚೈನ್ ಹಿಡ್ದು ಅಳೆದೋರು ಯಾರು? ಸರ್ವೇಯರ್ ಬಂದೇ ಇಲ್ಲ!"

"ಅಳತೆ ಚೈನಲ್ಲ ದೊಡ್ಡಪ್ಪ. ನಿಮ್ ಸ್ಟೋರ್ ಬೀಗದಕೈ ಲೆಕ್ಕ ಬರೆಯೋ ರೈಟರ್ ಒಬ್ರ ಹತ್ರ ಐತೆ, ಅವ್ರು ಇಲ್ಲ ಅಂದ್ರೆ ಮುಗೀತು. ಇದು ಹಂಗಲ್ಲ. ಎಲ್ಲೆಲ್ಲೋ ಇರೋ ಕಂಪ್ಯೂಟರ್‌ಗಳಲ್ಲಿ ಇದರ ಪ್ರತಿಗಳು ಇರ್ತವೆ, ಒಂದು ಕೆಟ್ರೆ ಇನ್ನೊಂದು ಕೊಡ್ತದೆ. ಆ ಕಂಪ್ಯೂಟರ್ ಇಟ್ಟೋರು ಇಟ್ಕಂಡಿದೀನಿ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದು, ಕೇಳ್ದಾಗೆಲ್ಲ ಸಾಬೀತು ಮಾಡ್ಬೇಕು."

"ಕಂಪ್ಯೂಟರ್‌ನಾಗೆ ಏನ್ ಬೇಕಾದ್ರೂ ಹುಟ್ಟಿಸ್ತೀರ ಬುಡು ಮಾರಾಯ್ತಿ."

ಸರಿಯಾದ ವಾದ. ನನ್ನ ಗೇಲಿಯೂ ಅದೇ ಆಗಿತ್ತು. ಸುಳ್ಳು ಹಾಕಿದರೆ ಆ ವ್ಯವಸ್ಥೆ ಸುಳ್ಳನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ. ಆದರೆ ಹಾಕಿದ ಪ್ರತಿ ಕಡತಕ್ಕೂ ಹೆಬ್ಬೆಟ್ಟಿನ ಗುರುತಿನಂಥ ಒಂದು ಅಕ್ಷರಸಾಲು ಹುಟ್ಟುತ್ತದೆ. ಒಂದು ಚುಕ್ಕೆ ತಿದ್ದಿದರೂ ಸಾಲೇ ಬೇರೆ. ನಮ್ಮ ಸಾಲು ತಾರೀಖಿನ ಸಮೇತ ದಾಖಲಾದದ್ದು ಗೇಟಿಗಿಂತ ಮೊದಲು. ಜಗಳವೇ ಇಲ್ಲದಾಗ ನಾನೇಕೆ ಸಾಕ್ಷಿ ಹುಟ್ಟಿಸಲಿ?

ಹೊಸ ಫೋನಿನಲ್ಲಿ ವಿಡಿಯೊ ಒತ್ತಿದೆ. ಅದರಲ್ಲಿ ಅಜ್ಜಿ ಅದೇ ದಾರಿಯಲ್ಲಿ ನಡೆಯುತ್ತಿದ್ದರು. ಗಿಡಗಳಾಚೆಯಿಂದ ಒಂದು ದನಿ: "ಚಿಕ್ಕವ್ವಾ, ದಾರಿ ಜಾರ್ತೈತೆ, ಹುಷಾರು!"

ದನಿ ದೊಡ್ಡಪ್ಪನದು.

"ದಾರಿ ಅಂದೋನು ಯಾರ್ಲಾ?" ಅಜ್ಜಿ ಕೇಳಿದರು.

"ಗೇಟು ಇರ್ಲಿ ಚಿಕ್ಕವ್ವ, ಆನೆ ಬತ್ತವೆ."

"ಆನೆ ನಿನ್ ಬೀಗ ನೋಡಿ ವಾಪಸ್ ಹೋಯ್ತವೇನ್ಲಾ? ತೆಗಿ."

ಗೇಟಿನವರೆಗೆ ನಡೆದು ಬೀಗ ತೆಗೆದು ಜೇಬಿಗಿಳಿಸಿದ ದೊಡ್ಡಪ್ಪ ನನ್ನತ್ತ ತಿರುಗಿ ದನಿ ತಗ್ಗಿಸಿದರು. "ಅದನ್ನ ಅಳಿಸ್ಬುಡವ್ವ."

"ಒಂದ್ಸಲ ಅಲ್ಲಿಗೆ ಹಾಕಿದ್ಮೇಲೆ ಅಳ್ಸೋದು ನನ್ ಕೈಲೂ ಆಗಲ್ಲ ದೊಡ್ಡಪ್ಪ" ಎಂದೆ.