ಕಂಡಕ್ಟರರ ಕರೆಗಂಟೆ

ನಮ್ಮವರು ಬಸ್ ಕಂಡಕ್ಟರಾಗಿದ್ದರು. ಹಿಂದಿನ ಬಾಗಿಲಲ್ಲಿ ನಿಂತು ಅವರು ‘ರೈಟ್’ ಅಂದರೆ ಪಕ್ಕದ ಬಸ್ಸಿನ ಡ್ರೈವರೂ ಗೇರು ಹಾಕುತ್ತಿದ್ದನಂತೆ. ಇದು ಅವರೇ ಹೇಳಿಕೊಂಡು ಬಂದ ಮಾತು, ಅರ್ಧ ಸುಳ್ಳಿದ್ದರೂ ಇರಬಹುದು. ಮನೆಯಲ್ಲೂ ಅದೇ ಗಂಟಲು. ಚಪ್ಪಲಿ ಬಿಡುವ ಮೊದಲೇ ‘ಇವಳೇ’ ಎಂದು ಕೂಗುವರು, ನಾನು ಹೊಲಿಗೆ ಮೆಷಿನ್ನಿನಿಂದ ಏಳದೆ ‘ನನಗೇನು ಕಿವುಡೇ?’ ಎಂದು ರೇಗುವೆ. ಮದುವೆಯಾದಾಗಿನಿಂದ ಒಂದು ದಿನವೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಹೋದ ವರ್ಷ ಲಕ್ವ ಹೊಡೆದು ಒಂದು ಪಕ್ಕ ಪೂರ್ತಿ ಸ್ವಾಧೀನ ತಪ್ಪಿತು. ಅದರ ಜೊತೆ ಆ ಗಂಟಲೂ ಹೋಯಿತು. ಮಾತು ಬರುತ್ತದೆ, ಆದರೆ ಒಂದೊಂದು ಅಕ್ಷರವನ್ನೂ ಬಾವಿಯಿಂದ ನೀರು ಸೇದಿದ ಹಾಗೆ ಎಳೆದು ತರಬೇಕು.

ಒಂದು ಮಧ್ಯಾಹ್ನ ನಾನು ಮುಂದಿನ ಕೋಣೆಯಲ್ಲಿ ಮೆಷಿನ್ ತುಳಿಯುತ್ತಿದ್ದೆ. ಒಳಗೆ ಅವರು ಮಂಚದಿಂದ ಜಾರಿ ಬಿದ್ದಿದ್ದರು. ಬಹಳ ಹೊತ್ತು ಕರೆದರಂತೆ. ಮೆಷಿನ್ ಸದ್ದಿನಲ್ಲಿ ನನಗೆ ಕೇಳಲೇ ಇಲ್ಲ. ಅವತ್ತಿನಿಂದ ನನ್ನ ಎದೆಯಲ್ಲಿ ಒಂದು ಹೆದರಿಕೆ ಬಂದು ಕೂತಿತು.

ಕರೆಗಂಟೆಯ ಯೋಚನೆ ಮಾಡಿದವಳು ನನ್ನ ಅಕ್ಕನ ಮಗಳು. ನಮ್ಮ ಮನೆಯಲ್ಲಿದ್ದುಕೊಂಡೇ ಇಂಜಿನಿಯರಿಂಗ್ ಓದುವ ಅವಳಿಗೆ ಪಟಾಕಿ ಎಂದು ಹೆಸರಿಟ್ಟವರೂ ನಮ್ಮವರೇ. ಮಂಚದ ಹತ್ತಿರ ಒಂದು ಪುಟ್ಟ ಪೆಟ್ಟಿಗೆ. ಇವರು ಕರೆದರೆ ಅದು ಕೇಳಿಸಿಕೊಂಡು ನನ್ನ ಮೆಷಿನ್ ಪಕ್ಕದ ಗಂಟೆಯನ್ನು ಬಾರಿಸಬೇಕು. ತರಗತಿಯ ಇಬ್ಬರನ್ನು ಸೇರಿಸಿಕೊಂಡು ಅದನ್ನೇ, ಹೊಸ ಉಪಕರಣ ಮಾಡಿ ತೋರಿಸುವ ಹ್ಯಾಕಥಾನ್ ಎಂಬ ಸ್ಪರ್ಧೆಗೂ ಕೊಟ್ಟಳು. ಕೊನೆಯ ಸುತ್ತಿಗೆ ಆಯ್ಕೆಯೂ ಆಯಿತು. ಆದರೆ ಅಲ್ಲೊಂದು ನಿಯಮ: ಯಾರಿಗಾಗಿ ಮಾಡಿದ್ದಾರೋ ಅವರೇ ಬಳಸುವ ವಿಡಿಯೊ ತೋರಿಸಬೇಕು, ಇಲ್ಲದಿದ್ದರೆ ಒಳಗೇ ಬಿಡುವುದಿಲ್ಲ.

ಆ ವಿಡಿಯೊ ತೆಗೆಯಲು ಕೂತದ್ದು ಯಾವಾಗ? ಸ್ಪರ್ಧೆಯ ಊರಿಗೆ ಸಂಜೆಯ ರೈಲಿನಲ್ಲಿ ಹೊರಡುವ ದಿನ. ಯುದ್ಧಕಾಲೇ ಶಸ್ತ್ರಾಭ್ಯಾಸ ಅಂದರೆ ಇದೇ. ಬೆಳಗಿನಿಂದ ಮೂವರ ಹೊಟ್ಟೆಗೂ ಏನೂ ಇಳಿದಿರಲಿಲ್ಲ. ಬಟ್ಟೆ ಕತ್ತರಿಸುವ ನನ್ನ ಮೇಜಿನ ತುಂಬ ಅವರ ವೈರುಗಳು. ಮಕ್ಕಳಿಗೆ ಸ್ಪರ್ಧೆಯ ಚಿಂತೆ. ನನಗೆ ಈ ಪೆಟ್ಟಿಗೆ ಇವರನ್ನು ಕೇಳಿಸಿಕೊಳ್ಳುತ್ತದೋ ಇಲ್ಲವೋ ಎಂಬ ಒಂದೇ ಚಿಂತೆ.

ಪಟಾಕಿ ಫೋನು ಹಿಡಿದು ನಿಂತು ಕರೆಯಲು ಹೇಳಿದಳು. ಇವರು ಕರೆದರು. ಗಂಟೆ ಸುಮ್ಮನಿತ್ತು. ಇನ್ನೊಮ್ಮೆ ಕರೆದರು, ಕತ್ತಿನ ನರ ಉಬ್ಬಿತು. ಆಗಲೂ ಇಲ್ಲ. ಬಾಗಿಲಲ್ಲಿ ನಿಂತಿದ್ದ ನನಗೆ ತಡೆಯಲಾಗದೆ, ನೀರು ಬೇಕಾ, ದಿಂಬು ಸರಿಸಲಾ ಎನ್ನುತ್ತ ಒಳಗೆ ಹೋದೆ. ಟಣಟಣ ಎಂದು ಗಂಟೆ ಹೊಡೆದುಕೊಂಡಿತು! ಮಕ್ಕಳು ಕುಣಿದಾಡಿದರು. ಮತ್ತೆ ನೋಡಿದರೆ ಅದೇ ಕಥೆ. ಇವರು ಕರೆದರೆ ಇಲ್ಲ, ನಾನು ಬಾಯಿಬಿಟ್ಟರೆ ಟಣಟಣ.

ಪೆಟ್ಟಿಗೆಗೆ ಇವರ ಧ್ವನಿಯ ಗುರುತು ಕಲಿಸಲೆಂದು ಮಕ್ಕಳು ದಿಂಬಿನ ಪಕ್ಕ ವಾರಗಟ್ಟಲೆ ಫೋನು ಇಟ್ಟು ಧ್ವನಿ ಹಿಡಿದಿದ್ದರು. ಪರೀಕ್ಷೆಯ ಗಡಿಬಿಡಿಯಲ್ಲಿ ಒಂದನ್ನೂ ಕೇಳಿ ನೋಡದೆ ಕಂಪ್ಯೂಟರಿಗೆ ತುಂಬಿದ್ದರು. ಪಟಾಕಿ ಈಗ ಕಿವಿಗೆ ಹಾಕಿಕೊಂಡು ಕೇಳಿದಳು. ಕೇಳುತ್ತ ಕೇಳುತ್ತ ಮುಖ ಸಪ್ಪಗಾಯಿತು.

“ಚಿಕ್ಕಮ್ಮ, ಇದರಲ್ಲಿ ಚಿಕ್ಕಪ್ಪನ ದನೀನೇ ಇಲ್ಲ. ಅವರು ಬಾಯಿ ತೆಗೆಯೋಷ್ಟರಲ್ಲಿ ನೀವೇ ಮಾತಾಡಿಬಿಟ್ಟಿದ್ದೀರಿ. ಪೆಟ್ಟಿಗೆ ಕಲಿತಿರೋದು ನಿಮ್ಮನ್ನ.”

ನನಗೆ ಉರಿದುಹೋಯಿತು. ಲಕ್ಷಣವಾಗಿ ಕೇಳಿ ನೋಡಲು ನಿಮಗೇನು ರೋಗ, ಈಗ ನನ್ನ ಬಾಯಿಯ ಮೇಲೆ ತಪ್ಪು ಹಾಕುತ್ತೀರಾ ಎಂದು ಮೂವರಿಗೂ ಮಂಗಳಾರತಿ ಎತ್ತಿದೆ. ಅಷ್ಟಕ್ಕೂ ಅವರಿಗೆ ಕಷ್ಟವಾಗದಿರಲಿ ಎಂದೇ ಅಲ್ಲವೇ ನಾನು ಮುಂದಾಗಿ ಹೇಳುವುದು? ಇಷ್ಟೆಲ್ಲ ಬೈದ ಮೇಲೆ, ಕಾಯಿಲೆ ಬಿದ್ದಾಗಿನಿಂದ ಇವರು ಪೂರ್ತಿ ಮಾಡಿದ ಒಂದು ಮಾತನ್ನಾದರೂ ನೆನಪಿಸಿಕೊಳ್ಳಲು ನೋಡಿದೆ. ಒಂದೂ ನೆನಪಾಗಲಿಲ್ಲ.

ಹೊಸದಾಗಿ ಧ್ವನಿ ಹಿಡಿಯಬೇಕಿತ್ತು, ರೈಲಿನ ಹೊತ್ತು ಹತ್ತಿರ ಬರುತ್ತಿತ್ತು. ಫ್ಯಾನ್ ಆರಿಸಿದರು, ಕಿಟಕಿ ಮುಚ್ಚಿದರು. ಎಲ್ಲರೂ ನನ್ನ ಕಡೆ ನೋಡಿದರು. ನನ್ನ ನಾಲಿಗೆಯ ಮೇಲೆ ನನಗೇ ನಂಬಿಕೆಯಿರಲಿಲ್ಲ. ಬಟ್ಟೆಗೆ ಚುಚ್ಚುವ ಗುಂಡುಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಂಡು ಕುರ್ಚಿಯಲ್ಲಿ ಕೂತೆ.

ಇವರ ತುಟಿ ಅಲುಗಿತು, ಹಣೆ ಬೆವರಿತು. ಉಳಿದದ್ದನ್ನು ಹೇಳಿಬಿಡು ಎಂಬಂತೆ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ದೇವರೇ, ಆ ಹೊತ್ತು ಎಷ್ಟು ಉದ್ದವಿತ್ತು!

“ಇ... ವ... ಳೇ.”

ಲಕ್ವ ಹೊಡೆದಾಗಿನಿಂದ ನಾನು ಆ ಕರೆಯನ್ನು ಪೂರ್ತಿಯಾಗಿ ಕೇಳಿರಲಿಲ್ಲ. ಪೂರ್ತಿ ಮಾಡಲು ಅವರಿಗೇ ಆಗಿರಲಿಲ್ಲವೋ, ನಾನೇ ಬಿಟ್ಟಿರಲಿಲ್ಲವೋ. ಮಕ್ಕಳು ಮತ್ತೆ ಮತ್ತೆ ಅದನ್ನೇ ಹೇಳಿಸಿದರು. ದಣಿದರೂ ಇವರು ನಿಲ್ಲಿಸಲಿಲ್ಲ. ಆಮೇಲೆ ಪೆಟ್ಟಿಗೆ ಅದನ್ನು ಕಲಿಯುವವರೆಗೆ ಮಕ್ಕಳು ಕಂಪ್ಯೂಟರಿನ ಮುಂದೆ ಉಗುರು ಕಚ್ಚುತ್ತ ಕೂತರು. ಬಾಗಿಲಲ್ಲಿ ಆಟೋದವನು ಹಾರ್ನ್ ಹೊಡೆಯಲು ಶುರುಮಾಡಿದ. ಪಟಾಕಿ ಮತ್ತೆ ಫೋನು ಹಿಡಿದು ನಿಂತಳು.

ನನ್ನನ್ನು ಮುಂದಿನ ಕೋಣೆಗೆ ಕಳಿಸಿ ಮೆಷಿನ್ ತುಳಿಯಲು ಹೇಳಿದರು. ಬಟ್ಟೆಯಿಲ್ಲದ ಬರೀ ಮೆಷಿನ್ನನ್ನು ತುಳಿದೆ, ಕಣ್ಣು ಗಂಟೆಯ ಮೇಲೆ. ಇಲ್ಲ. ಇನ್ನೂ ಇಲ್ಲ. ಮುಗಿಯಿತು ಅಂದುಕೊಂಡೆ. ಆಗ ಟಣಟಣ ಎಂದಿತು.

ಒಳಗೆ ಓಡಿದೆ. ಸೂಜಿಗಳು ಇನ್ನೂ ತುಟಿಯಲ್ಲೇ ಇದ್ದವು. ಇವರು ನನ್ನನ್ನು ದಿಟ್ಟಿಸಿ ನೋಡಿದರು. ಏನೋ ಹೇಳಲು ಬಾಯಿ ಓರೆಯಾಯಿತು. ನೀರಿರಬಹುದು, ಬೆನ್ನುನೋವಿರಬಹುದು ಎಂದು ಮನಸ್ಸು ಹತ್ತು ಕಡೆ ಓಡಿತು. ಆದರೂ ಕಾದೆ.

“ಇಷ್ಟೊತ್ತು... ಬಾಯಿ... ಮುಚ್ಕೊಂಡಿದ್ದೀಯಲ್ಲ,” ಎಂದರು. ಉಸಿರು ಎಳೆದುಕೊಂಡರು. “ಹು... ಷಾರಿಲ್ವಾ?”

ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡೆ. ಈ ಸಲ ನನ್ನ ಮಾತಿಗಾಗಿ ಅವರು ಕಾದರು.