ಸಿದ್ದಮ್ಮನ ಹನ್ನೊಂದು ಜಂಪರ್ ಪೀಸು

ಟ್ರಂಕಿನ ಮುಚ್ಚಳ ತೆಗೆದರೆ ಮೊದಲು ಮೂಗಿಗೆ ಬರುವುದು ಡಾಂಬರು ಗುಳಿಗೆಯ ವಾಸನೆ. ಇವತ್ತು ಬೆಳಿಗ್ಗೆ ನಾನು ಅದರೊಳಗೆ ಹುಡುಕಿದ್ದು ಒಂದು ಜಂಪರ್ ಪೀಸು, ರವಿಕೆಯ ಬಟ್ಟೆ. ಆಳಂದದಲ್ಲಿ ಹದಿನೈದು ವರ್ಷದಿಂದ ಬಟ್ಟೆ ಹೊಲಿಯುವ ನನ್ನ ಟ್ರಂಕಿನಲ್ಲಿ ಹೊಲಿಯಲು ಬಾರದ ಪೀಸುಗಳೇ ಹೆಚ್ಚು ಎಂದರೆ ನೀವು ನಗುತ್ತೀರಿ, ನಗಿರಿ. ಇವೆಲ್ಲ ಮಂದಿ ಉಡಿ ತುಂಬಿ ಕೊಟ್ಟವು. ಒಂದರಲ್ಲೂ ಎರಡು ತೋಳಿಗೆ ಬಟ್ಟೆ ಸಾಲುವುದಿಲ್ಲ. ಅದಕ್ಕೇ ಇವು ಹೊಲಿಗೆ ಕಾಣದೆ ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ.

ಈ ವಾಸನೆಗೆ ನನಗೆ ನೆನಪಾಗುವವಳು ಸಿದ್ದಮ್ಮ.

ಎಪ್ಪತ್ತರ ದಶಕದ ಮಾತು. ಕರಜಗಿ ನನ್ನ ತವರು. ಬೇಸಿಗೆ ಬಂತೆಂದರೆ ಸಿದ್ದಮ್ಮ ನಮ್ಮ ಮನೆಗೆ ಶಾವಿಗೆ ಮಾಡಲು ಬರುತ್ತಿದ್ದಳು. ಮಣೆಯನ್ನು ಓರೆಯಾಗಿ ಆನಿಸಿ ಹಿಟ್ಟನ್ನು ಅಂಗೈಯಲ್ಲಿ ಹೊಸೆಯುತ್ತ ಹೋದರೆ ಎಳೆ ಕಡಿಯದೆ ಇಳಿಯುತ್ತಿತ್ತು. ಕೆಳಗೆ ಕೂತು ಅದನ್ನು ಕೋಲಿಗೆ ಹಾಕಿಕೊಳ್ಳುವವಳು ನಾನು. ನನ್ನ ಕೈಗೆ ಬಂದವು ಮಾತ್ರ ಹೇಗೋ ತುಂಡಾಗುತ್ತಿದ್ದವು. ಹಿಟ್ಟಿಗೆ ನೀರೆಷ್ಟು ಬೇಕೆಂದು ಅವಳು ಗಾಳಿ ನೋಡಿ ಹೇಳುತ್ತಿದ್ದಳು. ಆಚೆ ಊರು ಸೊನ್ನದವರೆಗೂ ಮದುವೆ ಮನೆಯವರು ಅವಳ ದಾರಿ ಕಾಯುತ್ತಿದ್ದರು.

ಎಂಟು ದಿನ ದುಡಿಸಿಕೊಂಡ ಮೇಲೆ ಅವ್ವ ಅವಳನ್ನು ದೇವರ ಮುಂದೆ ಕೂಡಿಸಿ, ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಅಡಿಕೆ, ಕೊಬ್ಬರಿ, ಒಂದು ಜಂಪರ್ ಪೀಸು ಹಾಕಿ ಉಡಿ ತುಂಬುತ್ತಿದ್ದಳು. ತಾಟು ಹಿಡಿದು ನಿಲ್ಲುವುದು ನನ್ನ ಕೆಲಸ. ತುಂಬಿದ ಉಡಿ ಹಿಡಿದುಕೊಂಡು ಯಾವ ಹೆಂಗಸೂ ಕೂಲಿಯ ಮಾತು ಎತ್ತುವುದಿಲ್ಲ. ಸಂಜೆಯಾದರೆ ಕಾಯಕದ ದೊಡ್ಡತನ ಹೇಳುತ್ತಿದ್ದ ಅಪ್ಪ ಆ ಹೊತ್ತಿಗೆ ಸರಿಯಾಗಿ ಹೊಲಕ್ಕೆ ಹೋಗಿರುತ್ತಿದ್ದರು.

ಒಂದು ವರ್ಷ ಸಿದ್ದಮ್ಮ ಉಡಿ ತುಂಬುವ ಮೊದಲೇ ಕೇಳಿದಳು.

"ಗೌಡ್ತೇರ, ಕಬ್ಬಿನ ಹೊಲಕ್ಕ ಹೋದಾಕಿಗಿ ಸಂಜಿಗಿ ಕೂಲಿ ಕೊಡ್ತೀರಿ. ನಂದೂ ಕೆಲಸನೇ ಅಲ್ಲೇನ್ರಿ? ಇದು ಎಲ್ಲಾರಿಗಿ ಬರಂಗಿಲ್ರಿ."

ಅವ್ವ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಪ್ರೀತಿಯಿಂದ ಅವಳ ಕೈ ಹಿಡಿದು, "ಕೂಲಿ ಕೊಡಾಕ ನೀ ಏನ್ ಹೊರಗಿನಾಕಿಯೇನಬೇ? ಮನಿ ಮಗಳಿದ್ದಂಗ" ಎಂದು ಆ ಸಲ ಒಂದು ಕೊಬ್ಬರಿ ಬಟ್ಟಲು ಹೆಚ್ಚು ಹಾಕಿದಳು. ಸಿದ್ದಮ್ಮ ಸೆರಗು ಒಡ್ಡಿದಳು. ಒಡ್ಡದೆ ಏನು ಮಾಡಿಯಾಳು?

ಮುಂದೆ ಅವಳ ಗಂಡ ತೀರಿಕೊಂಡ. ಮಾತಾಡಿಸಲು ಹೋದ ನನಗೆ ಅವಳು ಮೆಲ್ಲಗೆ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಇನ್ನ ನನಗ ಉಡಿ ತುಂಬಾಕ ಬರಂಗಿಲ್ಲಲ್ಲ, ತಂಗಿ. ಇನ್ನರ ರೊಕ್ಕ ಕೊಡ್ತಾರ."

ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ, ನಿಮಗೂ ಗೊತ್ತಿದೆ. ಅವಳ ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಅಂಥವಳ ಕೈಯ ಶಾವಿಗೆ ಮದುವೆಗೆ ಆಗುವುದಿಲ್ಲ ಎಂಬುದನ್ನು ಅವಳೂ ಮರೆತಿದ್ದಳು, ನಾನೂ ಮರೆತಿದ್ದೆ.

ಆ ಬೇಸಿಗೆಯಲ್ಲಿ ನನ್ನ ಮದುವೆ. ಅವಳನ್ನು ಯಾರೂ ಕರೆಯಲಿಲ್ಲ. ಶಾವಿಗೆ ಮಾಡುವ ದಿನ ತಾನೇ ಬಂದು, ಮಣೆಯ ಮುಂದೆ ಬೇರೊಬ್ಬಳು ಕೂತಿದ್ದನ್ನು ನೋಡಿ ಹಾಗೇ ಹಿಂದಿರುಗಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಹೊಸ್ತಿಲ ಮೇಲೆ ಗಂಟೊಂದನ್ನು ಇಟ್ಟಳು. ಹನ್ನೊಂದು ಜಂಪರ್ ಪೀಸು. ಮಡಿಕೆ ಬಿಚ್ಚದವು, ಡಾಂಬರು ಗುಳಿಗೆ ಹಾಕಿ ಕಾಪಾಡಿದವು.

"ಹನ್ನೊಂದು ಬ್ಯಾಸಗಿ ಕೂಲಿ ಇದು. ಇವು ತೊಗೊಂಡು ರೊಕ್ಕ ಕೊಡ್ರಿ."

"ಉಡಿಯೊಳಗ ಹಾಕಿದ್ದು ತಿರುಗಿ ತೊಗೊಬಾರದಬೇ" ಎಂದಳು ಅವ್ವ.

ಸಿದ್ದಮ್ಮ ಗಂಟನ್ನು ಅಲ್ಲೇ ಬಿಟ್ಟು ಹೋದಳು. ತಿರುಗಿ ತೆಗೆದುಕೊಳ್ಳಬಾರದ ಆ ಪೀಸುಗಳನ್ನೇ ನನ್ನ ಮದುವೆಗೆ ಬಂದವರ ಉಡಿಗೆ ಹಾಕಿದರು. ನಾನು ಅರಿಷಿಣ ಹಚ್ಚಿಕೊಂಡು ಕೂತು ನೋಡಿದೆ. ಮರುವರ್ಷ ಸಿದ್ದಮ್ಮ ಕಬ್ಬಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದಾಳೆಂದು ಕೇಳಿದೆ. ಸಂಜೆಗೆ ಕೂಲಿ ಸಿಗುತ್ತಿತ್ತಂತೆ. ಅಂಥ ಕೈ ಅದು.

ಇವತ್ತು ನಾನು ಪೀಸು ಹುಡುಕಿದ್ದು ಕಮಲಾಳಿಗೆ ಉಡಿ ತುಂಬಲು. ನಾನು ಹೊಲಿದ ಜಂಪರುಗಳಿಗೆ ಹುಕ್ಕು, ಕೈಹೊಲಿಗೆ ಹಾಕಿಕೊಡುವವಳು. ಹೋದ ವಾರ ಕೂಲಿ ಹೆಚ್ಚು ಮಾಡ್ರಿ ಎಂದು ಕೇಳಿದ್ದಳು. "ನೀ ಮನಿ ಮಗಳಿದ್ದಂಗಬೇ" ಅಂದಿದ್ದೆ. ಅಂದದ್ದು ನನಗೆ ಗೊತ್ತೇ ಆಗಿರಲಿಲ್ಲ. ಸಿದ್ದಮ್ಮನ ಕಥೆಯನ್ನು ಇಷ್ಟು ವರ್ಷ ಅವ್ವನ ತಪ್ಪೆಂದು ಹೇಳಿಕೊಂಡು ಬಂದವಳು ನಾನು.

ಪೀಸನ್ನು ತಿರುಗಿ ಟ್ರಂಕಿಗೆ ಹಾಕಿ ರೊಕ್ಕ ತೆಗೆಯೋಣ ಎಂದು ಏಳುವಷ್ಟರಲ್ಲಿ ಕಮಲಾ ಬಾಗಿಲಲ್ಲಿ ನಿಂತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿದಳು. ಮುಖ ಸಣ್ಣದಾಯಿತು. ನಾನು ಬಾಯಿ ತೆರೆಯುವ ಮೊದಲೇ ತಲೆ ತಗ್ಗಿಸಿ ಸೆರಗು ಒಡ್ಡಿದಳು.