ನಲವತ್ತೆಂಟು ಕಿವಿಗಳು

ಕಟ್ಟುಹಲ್ಲು ಮಾಡುವವನದು ಮೂಗಿನ ತುದಿಯ ಸಿಟ್ಟು ಎಂದು ಅವನ ಹೆಂಡತಿಯೇ ಹೇಳುತ್ತಿದ್ದಳು. ನಾನು ಒಪ್ಪುವುದಿಲ್ಲ. ೧೯೯೩ರ ಮಾರ್ಚ್ ೧೪, ಭಾನುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಅವನಿಗೆ ಬಂದ ಸಿಟ್ಟು ಹದಿನಾಲ್ಕು ವರ್ಷಗಳ ದುಡಿಮೆಯಿಂದ ಹುಟ್ಟಿದ್ದು. ಅಂದಿನ ಆಟಕ್ಕೆ ತೀರ್ಪುಗಾರನಾಗಿದ್ದವನು ನಾನೇ.

ಆ ದುಡಿಮೆ ಆರಂಭವಾದದ್ದು ೧೯೭೯ರ ಜೂನ್ ೩ರಂದು. ಹಗಲೆಲ್ಲ ಪರರ ದವಡೆಗಳನ್ನು ಅಚ್ಚು ಹಾಕಿದ ಮೇಜಿನ ಮೇಲೆಯೇ, ಸಂಜೆ ಗಾರೆಯ ಅಚ್ಚಿಗೆ ತವರ ಸುರಿದು, ಈಗಿನ ಇರಾಕಿನಲ್ಲಿದ್ದ ಪ್ರಾಚೀನ ಸುಮೇರಿನ ಸೈನಿಕರನ್ನು ಹೆಬ್ಬೆರಳ ಗಾತ್ರದಲ್ಲಿ ಎರಕ ಹೊಯ್ಯುತ್ತಿದ್ದ. ನಮ್ಮ ಸಂಘದಲ್ಲಿ ಇಂಥ ಸೈನ್ಯಗಳನ್ನು ಮೇಜಿನ ಮೇಲೆ ಹೂಡಿ, ಅಳತೆಪಟ್ಟಿ ಹಿಡಿದು ನಡೆಸಿ, ದಾಳ ಉರುಳಿಸಿ ಕಾದಾಡುತ್ತೇವೆ. ಅವನ ಹೆಮ್ಮೆಯೆಂದರೆ ಆರು ಯುದ್ಧಗಾಡಿಗಳು. ಗಾಡಿಗೆ ನಾಲ್ಕು ಗಟ್ಟಿ ಚಕ್ರ, ನಾಲ್ಕು ಕತ್ತೆ. ಕ್ರಿಸ್ತಪೂರ್ವ ಎರಡು ಸಾವಿರದ ಐನೂರರ ಸುಮಾರಿಗೆ ಆ ಗಾಡಿಗಳನ್ನು ಎಳೆದದ್ದು ಕತ್ತೆಯ ಮಿಶ್ರತಳಿಯೇ ಹೊರತು ಕುದುರೆಯಲ್ಲ ಎಂಬುದನ್ನು ಅವನು ಓದಿ ಖಚಿತಪಡಿಸಿಕೊಂಡಿದ್ದ.

೧೯೯೨ರಲ್ಲಿ ಆಟ ನೋಡಲು ಬಂದವರು ಆ ಕತ್ತೆಗಳನ್ನು ಕಂಡು ನಕ್ಕಿದ್ದರು. ಸಂಘದ ಅಧ್ಯಕ್ಷನಾದ ಗಡಿಯಾರದ ಅಂಗಡಿಯವನಿಗೆ ಅದು ಮರ್ಯಾದೆಯ ಪ್ರಶ್ನೆಯಾಗಿತ್ತು. ಫೆಬ್ರವರಿ ೨೭ರಂದು ನಮ್ಮವನು ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದಾಗ ಸೈನ್ಯದ ಪೆಟ್ಟಿಗೆ ಅವನ ಷಡ್ಡಕನ ಮನೆಯಲ್ಲಿತ್ತು. ಷಡ್ಡಕ ಕೀಲಿಕೈ ಮಾಡುವವನು; ಅರ ಹಿಡಿದರೆ ಕೂದಲೆಳೆಯಷ್ಟೂ ತಪ್ಪದವನು. ಅಧ್ಯಕ್ಷ ಅವನ ಕಿವಿಯೂದಿದ.

ಆ ಭಾನುವಾರ ಪೆಟ್ಟಿಗೆ ತೆರೆದರೆ, ಇಪ್ಪತ್ತನಾಲ್ಕು ಕತ್ತೆಗಳ ನಲವತ್ತೆಂಟು ಕಿವಿಗಳೂ ಮೊಟಕು.

“ಯಾರೋ ಇದು ಮಾಡಿದ್ದು?”

“ನಾನೇ ಭಾವ,” ಎಂದ ಷಡ್ಡಕ, ಬಹುಮಾನ ಬಂದವನಂತೆ. “ಕುದುರೆ ಮಾಡಿದೀನಿ. ಜನ ನಗಬಾರದಲ್ವಾ?”

“ಕಿವಿ ಕುಯ್ದರೆ ಕತ್ತೆ ಕುದುರೆ ಆಗತ್ತೇನೋ? ಹಾಗಿದ್ರೆ ಬಾ, ನಿನ್ನದೂ ಕುಯ್ತೀನಿ!”

“ಉಪಕಾರ ಮಾಡಿದ್ದಕ್ಕೆ ಇದಾ ಮಾತು?”

“ಉಪಕಾರಾನಾ? ನಿನ್ನನ್ನ ಕತ್ತೆ ಅಂದ್ರೆ ಕತ್ತೆಗೆ ಅವಮಾನ ಕಣೋ!”

ಅಧ್ಯಕ್ಷ ನಡುವೆ ಬಾಯಿ ಹಾಕಿದ: “ಹೋಗ್ಲಿ ಬಿಡಿ ಸ್ವಾಮಿ. ನಾಲ್ಕೂವರೆ ಸಾವಿರ ವರ್ಷದ ಹಿಂದಿನ ಕಿವಿ. ಯಾರು ನೋಡಿದಾರೆ?”

ಕಟ್ಟುಹಲ್ಲಿನವನು ಪೆಟ್ಟಿಗೆಯ ಮುಚ್ಚಳ ಬಡಿದ. ಸುಳ್ಳು ಸೈನ್ಯವನ್ನು ಮೇಜಿಗೆ ಹತ್ತಿಸುವುದಿಲ್ಲ ಎಂದ. ಹತ್ತು ಗಂಟೆಯ ಗಂಟೆ ಹೊಡೆದಾಗ ಮೇಜಿನ ಮೇಲಿಲ್ಲದ್ದು ಆಟಕ್ಕಿಲ್ಲ ಎಂಬುದು ನಿಯಮ. ಅದನ್ನು ೧೯೮೪ರಲ್ಲಿ ಬರೆದವನು ನಾನು, ಸಡಿಲಿಸಲಾರೆ. ಉಳಿದದ್ದು ನಲವತ್ತು ನಿಮಿಷ. ಅವನು ಕೈಚೀಲದಿಂದ ಕಟ್ಟುಹಲ್ಲಿನ ಮೇಣ, ಚಾಕು, ಸ್ಪಿರಿಟ್ ದೀಪ ತೆಗೆದ.

“ದೀಪ ಹಿಡಿ,” ಎಂದು ಷಡ್ಡಕನಿಗೆ ಗುಡುಗಿದ. “ಉಸಿರು ಬಿಡಬೇಡ!”

ಒಸಡಿನ ಬಣ್ಣದ ಗುಲಾಬಿ ಮೇಣ. ನಿಮಿಷಕ್ಕೊಂದರಂತೆ ಕಿವಿಗಳು ನೆಟ್ಟಗೆ ನಿಂತವು. ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾಚಿಕೆಗೆಟ್ಟವರು. ಅವನು ತಲೆಯೆತ್ತಲಿಲ್ಲ. ಗಂಟೆ ಹೊಡೆದಾಗ ಆಗಿದ್ದದ್ದು ನಲವತ್ತು. ಆರನೆಯ ಗಾಡಿಯನ್ನು ತಾನೇ ಎತ್ತಿ ಪೆಟ್ಟಿಗೆಗೆ ಹಾಕಿದ.

“ಇರ್ಲಿ ಬಿಡಿ, ನಾನು ಆಕ್ಷೇಪಿಸಲ್ಲ,” ಎಂದ ಅಧ್ಯಕ್ಷ. ಅಂದು ಎದುರಾಳಿಯೂ ಅವನೇ.

“ನಿಮ್ಮ ಭಿಕ್ಷೆ ನಿಮ್ಮ ಜೋಳಿಗೇಲೇ ಇರ್ಲಿ.”

ಆ ಗಾಡಿ ಕಾಯಬೇಕಿದ್ದ ಎಡಬದಿಯಲ್ಲೇ ಅಧ್ಯಕ್ಷ ನುಗ್ಗಿದ. ಒಂದು ಗಂಟೆ ಹತ್ತು ನಿಮಿಷಕ್ಕೆ ನಮ್ಮವನು ಸೋತನೆಂದು ನಾನು ಘೋಷಿಸಿದೆ. ನನ್ನ ದನಿ ನನಗೇ ಅಸಹ್ಯವಾಯಿತು.

ಅವನು ಅಧ್ಯಕ್ಷನ ಕೈ ಕುಲುಕಲಿಲ್ಲ. ಪೆಟ್ಟಿಗೆಯನ್ನು ಷಡ್ಡಕನ ಎದೆಗೆ ಒತ್ತಿದ.

“ಮುಂದಿನ ಭಾನುವಾರ ಬಾ. ಉಳಿದ ಎಂಟು ಕಿವಿ ನೀನೇ ಮಾಡ್ಬೇಕು, ತವರದಲ್ಲಿ. ಸರಿಯಾಗೋ ತನಕ ಊಟ ಇಲ್ಲ.”

ಷಡ್ಡಕ ಮಾರ್ಚ್ ೨೧ರಂದು ಹೋದ. ೨೮ಕ್ಕೂ ಹೋದ. ಏಪ್ರಿಲ್ ೧೧ರವರೆಗೆ ಅವನು ಮಾಡಿದ ಒಂದು ಕಿವಿಯನ್ನೂ ಭಾವ ಒಪ್ಪಲಿಲ್ಲ.